ಬೆನ್ನು ನೋಡದೆ ಬರೆದ ಕೇಸ್ ಶೀಟ್

ಕುಂದಗೋಳ ಕಡೆಯ ಅಜ್ಜ ಒಬ್ಬರು ಲಕ್ವಾ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿ ನಮ್ಮ ವಾರ್ಡಿಗೆ ಬಂದಿದ್ದರು. ಆರನೆಯ ದಿನ ಮೈ ಒರೆಸಲು ಮಗ್ಗುಲು ಮಾಡಿದಾಗ ಟೊಂಕದ ಕೆಳಗೆ, ಬೆನ್ನೆಲುಬು ಮುಗಿಯುವಲ್ಲಿ, ರೂಪಾಯಿ ನಾಣ್ಯದಷ್ಟು ಚರ್ಮ ಸುಲಿದು ಹಸಿಯಾಗಿತ್ತು. ಅವರ ಸೊಸೆ ಕೇಳಿದರು: "ಸಿಸ್ಟರ್, ಇದು ಮನೆಯಿಂದಲೇ ಬಂದದ್ದೋ, ಇಲ್ಲಿ ಆದದ್ದೋ?"

ಕೇಸ್ ಶೀಟ್ ತಿರುವಿ ಹಾಕಿದೆ. ರಕ್ತದೊತ್ತಡ, ಸಕ್ಕರೆ, ಸ್ಕ್ಯಾನ್ ವರದಿ ಎಲ್ಲ ಇದ್ದವು. ಬೆನ್ನಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಎಂಟು ವರ್ಷ ದುಡಿದಿದ್ದ ನಾನು ಆ ಹೆಣ್ಣುಮಗಳಿಗೆ ಉತ್ತರ ಕೊಡಲಾರದೆ ನಿಂತೆ. ಹಾಸಿಗೆ ಹುಣ್ಣು, ಅಂದರೆ ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿ ಒತ್ತಡದಿಂದ ಆಗುವ ಹುಣ್ಣಿನ ಬಗ್ಗೆ ನಾನು ಕೈಗೊಂಡ ಅಧ್ಯಯನ ಹುಟ್ಟಿದ್ದು ಆ ಪ್ರಶ್ನೆಯಿಂದ.

ನೈತಿಕ ಸಮಿತಿಯ ಅನುಮತಿ ಪಡೆದು, ಕನ್ನಡದಲ್ಲಿ ಒಪ್ಪಿಗೆ ಪತ್ರ ಬರೆದುಕೊಂಡೆ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಿಕೊಂಡೆ. ಮೊದಲ ತಿಂಗಳು ಆರೈಕೆಯ ಕ್ರಮದಲ್ಲಿ ಏನನ್ನೂ ಬದಲಿಸಬಾರದು, ಬರೀ ನೋಡಿ ಬರೆಯಬೇಕು ಎಂದು ನಿಶ್ಚಯಿಸಿದ್ದೆ. ಹುಣ್ಣು ಕಂಡರೆ ಚಿಕಿತ್ಸೆ ಎಂದಿನಂತೆ. ಹಾಸಿಗೆ ಹಿಡಿದ ಪ್ರತಿ ರೋಗಿಯ ಹಿಂದಲೆ, ಭುಜದ ಎಲುಬು, ಟೊಂಕ, ಹಿಮ್ಮಡಿಗಳನ್ನು ಸೇರಿದ ಪಾಳಿಯಲ್ಲಿಯೇ ನೋಡುತ್ತಿದ್ದೆವು. ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಮೊದಲ ಹಂತದ ಹುಣ್ಣು. ಆದರೆ ಹೊಲದಲ್ಲಿ ದುಡಿದ ನಮ್ಮ ಜನರ ಕಪ್ಪು ಮೈಬಣ್ಣದಲ್ಲಿ ಕೆಂಪು ಎಲ್ಲಿ ಕಾಣುತ್ತದೆ? ಅಂಗೈಯ ಹಿಂಬದಿ ತಾಗಿಸಿ ಬಿಸಿ ನೋಡಬೇಕು, ಪಕ್ಕದ ಚರ್ಮಕ್ಕಿಂತ ಗಟ್ಟಿಯಾಗಿದೆಯೇ ಮೆತ್ತಗಾಗಿದೆಯೇ ಎಂದು ಮುಟ್ಟಿ ನೋಡಬೇಕು. ಕಣ್ಣನ್ನಷ್ಟೇ ನಂಬಿದ್ದರೆ ಅರ್ಧ ರೋಗಿಗಳು ತಪ್ಪಿಹೋಗುತ್ತಿದ್ದರು ಎಂದೇ ನನ್ನ ನಂಬಿಕೆ.

ಹುಣ್ಣಾಗುವ ಅಪಾಯ ಅಳೆಯಲು 1987ರಲ್ಲಿ ಪ್ರಕಟವಾದ ಬ್ರೇಡನ್ ಮಾಪಕವನ್ನು ಬಳಸಿದೆ. ಸ್ಪರ್ಶದ ಅರಿವು, ತೇವ, ಓಡಾಟ, ಮಗ್ಗುಲು ಬದಲಿಸುವ ಶಕ್ತಿ, ಆಹಾರ, ತಿಕ್ಕಾಟ ಮತ್ತು ಜಾರಾಟ ಎಂಬ ಆರು ವಿಷಯಗಳಿಗೆ ಅಂಕ ಕೊಟ್ಟು ಕೂಡಬೇಕು. ಒಟ್ಟು 6ರಿಂದ 23ರವರೆಗೆ ಬರುತ್ತದೆ. 18 ಅಥವಾ ಕಡಿಮೆಯಿದ್ದರೆ ಅಪಾಯ. ಒಬ್ಬನೇ ರೋಗಿಗೆ ಇಬ್ಬರು ನರ್ಸುಗಳು ಬೇರೆ ಬೇರೆಯಾಗಿ ಅಂಕ ಹಾಕಿದಾಗ ಕೊನೆಯ ವಿಷಯದಲ್ಲಿಯೇ ಹೆಚ್ಚು ಜಗಳ ಬಂತು. ತಲೆಯ ಕಡೆ ಮಂಚ ಎತ್ತಿದಾಗ ರೋಗಿ ಕೆಳಗೆ ಸರಿಯುತ್ತಾನೆ. ಚರ್ಮ ಹಾಸಿಗೆಗೆ ಅಂಟಿ ಅಲ್ಲೇ ಉಳಿಯುತ್ತದೆ, ಒಳಗಿನ ಎಲುಬು ಜಾರುತ್ತದೆ, ನಡುವಿನ ರಕ್ತನಾಳಗಳು ಜಗ್ಗಿ ಮುಚ್ಚುತ್ತವೆ. ಇನ್ನೊಂದೆಡೆ, ಲಕ್ವಾ ಆದವರಿಗೆ ಅನ್ನ ಶ್ವಾಸನಾಳಕ್ಕೆ ಹೋಗಬಾರದೆಂದರೆ ತಲೆ ಎತ್ತಲೇಬೇಕು. ಮೊದಲು ಮೊಣಕಾಲ ಕೆಳಗೆ ದಿಂಬು ಕೊಟ್ಟು, ಆಮೇಲೆ ತಲೆ ಎತ್ತಿ, ಉಣಿಸಿ ಸುಮಾರು ಒಂದು ತಾಸಿನ ನಂತರ ನಿಧಾನವಾಗಿ ಇಳಿಸುವುದನ್ನು ಎರಡನೆಯ ತಿಂಗಳಿನಿಂದ ರೂಢಿಸಿದೆವು.

ಕೌದಿಯ ವಿಷಯ ಯಾವ ಪಠ್ಯದಲ್ಲಿಯೂ ನಾನು ಓದಿರಲಿಲ್ಲ. ನಮ್ಮ ಕಡೆ ರೋಗಿಯ ಜೊತೆ ಮನೆಯ ಕೌದಿ ಬಂದೇ ಬರುತ್ತದೆ. ನವಲಗುಂದದ ಅಜ್ಜಿಯೊಬ್ಬರ ಟೊಂಕದ ಮೇಲೆ ಅಡ್ಡಕ್ಕೆ ಒಂದು ಗೆರೆ ಮೂಡಿತ್ತು, ಅಳತೆಪಟ್ಟಿ ಇಟ್ಟು ಎಳೆದಂತೆ. ಹಾಸಿದ್ದ ಕೌದಿಯನ್ನು ಸರಿಸಿ ನೋಡಿದರೆ, ಎರಡು ಸೀರೆ ತುಂಡು ಕೂಡಿಸಿದ ದಪ್ಪ ಹೊಲಿಗೆ ಸರಿಯಾಗಿ ಆ ಜಾಗದಲ್ಲಿಯೇ ಇತ್ತು. ಕೌದಿ ತೆಗೆಯಿರಿ ಎನ್ನಲು ನನಗೆ ಮನಸ್ಸಾಗಲಿಲ್ಲ. ಅದನ್ನು ಅವರ ತಾಯಿಯೇ ಹೊಲಿದಿದ್ದರು. ಅದನ್ನು ಅವರಿಗೆ ಹೊದಿಸಿ, ಕೆಳಗೆ ಮೆತ್ತನೆಯ ಹಳೆಯ ಧೋತರವನ್ನು ಸುಕ್ಕಿಲ್ಲದಂತೆ ಹಾಸಿದೆವು. ಕೆಂಪಾದ ಜಾಗಕ್ಕೆ ಪೌಡರ್ ಹಾಕಿ ತಿಕ್ಕುವ ಪ್ರೀತಿಯನ್ನು ಮಾತ್ರ ಖಂಡಿತವಾಗಿ ನಿಲ್ಲಿಸಿದೆ. ಅಲ್ಲಿ ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು.

ರೋಗಿಯ ಮಗ್ಗುಲು ಬದಲಿಸಿದ್ದನ್ನು ಗುರುತು ಹಾಕುವ ರಾತ್ರಿಪಾಳಿಯ ಹಾಳೆ ನನಗೆ ನೋವು ಕೊಟ್ಟಿತು. ಹನ್ನೆರಡು, ಎರಡು, ನಾಲ್ಕು ಗಂಟೆ ಎಲ್ಲಕ್ಕೂ ಒಂದೇ ಶಾಯಿಯಲ್ಲಿ ಒಂದೇ ಓರೆಯ ಗುರುತು. ಬೆಳಗಿನ ಜಾವ ಒಟ್ಟಿಗೆ ಹಾಕಿದ್ದು ಯಾರಿಗಾದರೂ ತಿಳಿಯುವಂತಿತ್ತು. ಆದರೆ ಇಡೀ ವಾರ್ಡಿಗೆ ಇಬ್ಬರೇ ಇರುವಾಗ ಬೈಯುವುದು ಅನ್ಯಾಯ. ಹಾಳೆಯನ್ನೇ ಬದಲಿಸಿದೆ: ಗುರುತಿನ ಬದಲು ರೋಗಿ ಯಾವ ಕಡೆಗೆ ಇದ್ದಾರೆ ಎಂದು ಬರೆಯಬೇಕು. ಕಿಟಕಿ ಕಡೆಗೆ 'ಕಿ', ಬಾಗಿಲ ಕಡೆಗೆ 'ಬಾ', ಬೆನ್ನ ಮೇಲೆ 'ಬೆ'. ಜೊತೆಗಿರುವವರಿಗೂ ಅದೇ ಅಕ್ಷರ. ಬೆನ್ನ ಹಿಂದೆ ದಿಂಬು ಕೊಟ್ಟು ಸ್ವಲ್ಪವೇ ಓರೆ ಮಾಡುವುದನ್ನೂ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬಿಡುವುದನ್ನೂ ಕೈಹಿಡಿದು ಕಲಿಸಿದೆವು. ರಾತ್ರಿ ಎರಡಕ್ಕೆ ಒಬ್ಬ ಹುಡುಗ ಬಂದು, "ಸಿಸ್ಟರ್, ನಮ್ಮ ಅಪ್ಪ ಇನ್ನೂ ಬಾಗಿಲ ಕಡೆಗೇ ಇದ್ದಾರೆ, ಒಂದು ಕೈ ಹಿಡಿಯಿರಿ" ಎಂದು ಕರೆದದ್ದು ಇಂದಿಗೂ ಕಿವಿಯಲ್ಲಿದೆ.

ಮೊದಲ ತಿಂಗಳು ಹುಣ್ಣುಗಳ ಲೆಕ್ಕ ಹಿಂದೆಂದಿಗಿಂತ ಹೆಚ್ಚಾಗಿ ಮೇಲಿನವರು ಗಾಬರಿಯಾದರು. ಹುಣ್ಣು ಹೆಚ್ಚಿದ್ದಲ್ಲ, ನಾವು ನೋಡತೊಡಗಿದ್ದು ಎಂದು ವಿವರಿಸಲು ಎರಡು ಸಭೆ ಬೇಕಾದವು. ಆಮೇಲಿನ ತಿಂಗಳುಗಳಲ್ಲಿ ವಾರ್ಡಿನಲ್ಲಿಯೇ ಆದ ಹುಣ್ಣುಗಳು ಇಳಿದವು. ಹೋಲಿಸಲು ಇನ್ನೊಂದು ವಾರ್ಡ್ ಇರಲಿಲ್ಲ, ಬಂದ ರೋಗಿಗಳೂ ಬೇರೆ, ನಾನು ಡ್ಯೂಟಿಯಲ್ಲಿದ್ದ ದಿನ ಎಲ್ಲರೂ ಹೆಚ್ಚು ಎಚ್ಚರವಾಗಿರುತ್ತಿದ್ದರು. ಹಾಗಾಗಿ ಇಳಿದದ್ದೆಲ್ಲ ನಮ್ಮ ಕ್ರಮದಿಂದಲೇ ಎಂದು ವರದಿಯಲ್ಲಿ ಬರೆಯಲಿಲ್ಲ.

ಈಗ ನಮ್ಮ ಕೇಸ್ ಶೀಟಿನ ಮೊದಲ ಪುಟದಲ್ಲಿ 'ಬರುವಾಗಲೇ ಇತ್ತು', 'ಇಲ್ಲಿ ಆಯಿತು' ಎಂಬ ಎರಡು ಚೌಕಗಳಿವೆ. ಮೂರನೆಯದೊಂದನ್ನು ಸೇರಿಸಲು ಕೇಳುತ್ತಿದ್ದೇನೆ: 'ಮನೆಗೆ ಹೋದ ಮೇಲೆ ಆಯಿತು'. ಹಾವೇರಿ, ಗದಗ ಕಡೆಯ ಹಳ್ಳಿಗಳಿಗೆ ಹಿಂದಿರುಗಿದವರಿಗೆ ಹತ್ತನೆಯ ದಿನ ಫೋನ್ ಮಾಡುತ್ತೇನೆ. ಹಿಮ್ಮಡಿ ನೋಡಿದಿರಾ ಎಂಬುದು ನನ್ನ ಮೊದಲ ಮಾತು. ಕೆಲವರು ಫೋನ್ ಕೆಳಗಿಟ್ಟು, ಆಗಲೇ ಹೋಗಿ ನೋಡಿ ಬರುತ್ತಾರೆ.