ಹಪ್ಪಳ ಸುಟ್ಟು ಸೂರ್ಯನ ದೂರ ಅಳೆಯೋದು ಹೇಗೆ

ಸೂರ್ಯ 15 ಕೋಟಿ ಕಿ.ಮೀ. ದೂರ ಅಂತ ಸ್ಕೂಲಲ್ಲಿ ಎಲ್ರೂ ಬಾಯಿಪಾಠ ಮಾಡಿರ್ತೀವಿ, ಅಳೆದಿದ್ದು ಹೇಗೆ ಅಂತ ಕೇಳಿದ್ರೆ ತಲೆ ಕೆರ್ಕೋತೀವಿ. ಮುಕ್ಕಾಲು ಕೆಲಸ ಮನೇಲೇ ಆಗುತ್ತೆ. ಹಸಿ ಹಪ್ಪಳ, ಮೈಕ್ರೋವೇವ್, ಸ್ಕೇಲು, ಕೋನಮಾಪಕ ಇದ್ರೆ ಆಯ್ತು.

ಮೊದಲು ಬೆಳಕಿನ ವೇಗ, ಓವನ್ ಒಳಗಿನ ಮೈಕ್ರೋವೇವ್ ಅಲೆಗಳೂ ಅದೇ ವೇಗದಲ್ಲಿ ಓಡುತ್ವೆ. ಓವನ್ ಒಳಗಿನ ತಿರುಗೋ ತಟ್ಟೆ ತೆಗೀರಿ (ನಾನು ಮೊದಲ ಸಲ ಮರೆತೆ, ಹಪ್ಪಳ ಎಲ್ಲಾ ಕಡೆ ಚೆನ್ನಾಗಿ ಉಬ್ಬಿ ಪ್ರಯೋಗ ಕೆಡ್ತು, ತಿಳಿಸಾರಿಗೆ ನಂಚ್ಕೊಂಡೆ). ನಡುವಿನ ಗೂಟದ ಮೇಲೆ ಗಾಜಿನ ಬಟ್ಟಲು ಕವುಚಿ, ಅದರ ಮೇಲೆ ಗಾಜಿನದೇ ತಟ್ಟೆ ಇಟ್ಟು ಹಪ್ಪಳ ಒತ್ತೊತ್ತಾಗಿ ಜೋಡಿಸಿ, ಹತ್ತಿಪ್ಪತ್ತು ಸೆಕೆಂಡ್ ಸಾಕು. ಅಲ್ಲಲ್ಲಿ ಮಾತ್ರ ಬಿಳಿ ಗುಳ್ಳೆ ಏಳುತ್ತೆ, ಅಕ್ಕಪಕ್ಕದ ಗುಳ್ಳೆಗಳ ದೂರ ಅಂದ್ರೆ ಅರ್ಧ ತರಂಗಾಂತರ (ಒಂದು ಅಲೆಯ ಅರ್ಧ ಉದ್ದ). ಗುಳ್ಳೆ ಸಾಲಾಗಿ ಏಳಲ್ಲ, ಸೊಟ್ಟಪಟ್ಟ ಇರುತ್ತೆ, ನಾಲ್ಕೈದು ಜೋಡಿ ಅಳೆದು ಸರಾಸರಿ ತಗೊಳ್ಳಿ. ನಂಗೆ 6.4 ಸೆಂ.ಮೀ. ಬಂತು, ಡಬಲ್ ಮಾಡಿದ್ರೆ 12.8, ಓವನ್ ಹಿಂದಿನ ಸ್ಟಿಕ್ಕರಲ್ಲಿ 2450 ಮೆಗಾಹರ್ಟ್ಜ್ ಅಂತಿತ್ತು ಅಂದ್ರೆ ಸೆಕೆಂಡಿಗೆ 245 ಕೋಟಿ ಅಲೆ, ಗುಣಿಸಿದ್ರೆ ಸೆಕೆಂಡಿಗೆ 3.14 ಲಕ್ಷ ಕಿ.ಮೀ. ನಿಜವಾದ್ದು 2,99,792. ಹಪ್ಪಳದ ಯೋಗ್ಯತೆಗೆ ಇದು ಜಾಸ್ತಿನೇ.

ಈಗ ಶುಕ್ರ. ಸಂಜೆ ಪಶ್ಚಿಮದಲ್ಲಿ ಹೊಳೀತಾ ವಾರ ವಾರಕ್ಕೂ ಮೇಲೇರ್ತಾನೆ, ಒಂದು ಹಂತದಲ್ಲಿ ನಿಂತು ವಾಪಸ್ ಇಳಿಯೋಕೆ ಶುರು ಮಾಡ್ತಾನೆ. ಆ ತುದೀಲಿದ್ದಾಗ, ಸೂರ್ಯ ಮುಳುಗಿದ ತಕ್ಷಣ, ಮುಳುಗಿದ ಜಾಗದಿಂದ ಶುಕ್ರನವರೆಗೆ ಓರೆಯಾಗಿ ಕೋನ ಅಳೀರಿ (ಸೂರ್ಯನನ್ನೇ ದಿಟ್ಟಿಸ್ಬೇಡಿ ಮತ್ತೆ). ಕೋನಮಾಪಕಕ್ಕೆ ಸ್ಟ್ರಾ ಕಟ್ಕೊಂಡ್ರೆ ಸುಲಭ, ಇಲ್ಲಾಂದ್ರೆ ಕೈ ಚಾಚಿದ ಮುಷ್ಟಿ ಒಂದಕ್ಕೆ 10 ಡಿಗ್ರಿ. 46ರ ಆಸುಪಾಸು ಬರುತ್ತೆ. ಆವಾಗ ನಾವು, ಸೂರ್ಯ, ಶುಕ್ರ ಸೇರಿದ ತ್ರಿಕೋನದಲ್ಲಿ ಶುಕ್ರನ ಹತ್ರ ಲಂಬಕೋನ ಆಗಿರುತ್ತಲ್ಲ, ಹಾಗಾಗಿ ಸೈನ್ 46 = 0.72. ಅಂದ್ರೆ ನಮಗೂ ಸೂರ್ಯನಿಗೂ ಇರೋ ದೂರ 1 ಅಂದ್ಕೊಂಡ್ರೆ ಶುಕ್ರ ಸೂರ್ಯನಿಂದ 0.72, ನಮಗೆ ತೀರಾ ಹತ್ರ ಬಂದಾಗ 0.28.

ಇಲ್ಲೀವರೆಗೂ ಬರೀ ಪಾಲು, ಕಿಲೋಮೀಟರ್ ಒಂದೂ ಇಲ್ಲ. ಅದಕ್ಕೆ ಮಾತ್ರ ನಮ್ಮನೆ ಸಾಮಾನು ಸಾಲಲ್ಲ, 1961ರಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಿಂದ ಶುಕ್ರನಿಗೆ ರೇಡಾರ್ ಅಲೆ (ಇದೂ ಬೆಳಕಿನ ವೇಗದಲ್ಲೇ ಓಡುತ್ತೆ) ಬಿಟ್ಟು ಪ್ರತಿಧ್ವನಿ ಹಿಡಿದ್ರಲ್ಲ, ಅದನ್ನೇ ಸಾಲ ತಗೋಬೇಕು. ತೀರಾ ಹತ್ರ ಇದ್ದಾಗ ಹೋಗಿ ಬರೋಕೆ ಸುಮಾರು 280 ಸೆಕೆಂಡ್. ಒಂದು ಕಡೆಗೆ 140, ಸೆಕೆಂಡಿಗೆ 3 ಲಕ್ಷದಂತೆ 4.2 ಕೋಟಿ ಕಿ.ಮೀ., ಅದನ್ನ 0.28ರಿಂದ ಭಾಗಿಸಿ, 15 ಕೋಟಿ ಬಂತು ನೋಡಿ. ನನ್ನ ಹಪ್ಪಳದ ವೇಗ ಹಾಕಿದ್ರೆ 15.7 ಬರುತ್ತೆ.