ವಾರಕ್ಕೊಂದು ಚಿತ್ರ, ಭಾನುವಾರದ ಶುಭಸಂದೇಶದ ಜೊತೆ

ವಾರಕ್ಕೆ ಒಂದೇ ವರ್ಣಚಿತ್ರ ನೋಡುತ್ತೇನೆ, ಅಷ್ಟೇ. ಯಾವ ಚಿತ್ರ ಅನ್ನುವುದನ್ನು ನನ್ನ ಇಷ್ಟಕ್ಕೆ ಬಿಡುವುದಿಲ್ಲ, ಆ ಭಾನುವಾರ ನಮ್ಮ ಕಥೋಲಿಕ ಚರ್ಚಿನ ಬಲಿಪೂಜೆಯಲ್ಲಿ ಓದುವ ಶುಭಸಂದೇಶವೇ, ಅಂದರೆ ಯೇಸುವಿನ ಬಗೆಗಿನ ಬೈಬಲ್ ವಾಚನವೇ, ಅದನ್ನು ಆರಿಸುತ್ತದೆ. ಶನಿವಾರ ಸಂಜೆ ಮೊದಲು ವಾಚನ ಓದುತ್ತೇನೆ, ಆಮೇಲೆ ಚಿತ್ರ ತೆಗೆದು ನೋಡುತ್ತೇನೆ. ಚಿತ್ರದಲ್ಲಿ ಮೊದಲು ನೋಡುವುದು ಕೈಗಳನ್ನು. ಮುಖಗಳು ನಮ್ಮನ್ನು ಬೇಗ ಸೆಳೆದುಬಿಡುತ್ತವೆ, ಅಲ್ವಾ? ಆದರೆ ಅಲ್ಲಿ ನಡೆಯುತ್ತಿರುವುದು ಏನು ಅಂತ ಹೇಳುವುದು ಕೈಗಳೇ.

ಪಾಸ್ಖ (ಈಸ್ಟರ್) ಕಾಲದ ಎರಡನೇ ಭಾನುವಾರ ಪ್ರತಿವರ್ಷವೂ ತೋಮನ ಭಾಗವೇ ಬರುತ್ತದೆ. ಸತ್ತ ಯೇಸು ಎದ್ದು ಬಂದರು ಅಂದಾಗ, ಗಾಯ ಮುಟ್ಟದೆ ನಂಬಲ್ಲ ಅಂದ ಶಿಷ್ಯ ಇವನು. ಮುಟ್ಟಿ ನೋಡು ಅಂತ ಯೇಸು ಕರೆಯುತ್ತಾರೆ, ಆದರೆ ತೋಮ ಮುಟ್ಟಿದ ಅಂತ ಈ ಶುಭಸಂದೇಶ ಬರೆದ ಯೊವಾನ್ನ ಎಲ್ಲೂ ಬರೆದಿಲ್ಲ. 1600ರ ಸುಮಾರಿಗೆ ಇಟಲಿಯ ಕಲಾವಿದ ಕಾರವಾಜ್ಜೋ ಬಿಡಿಸಿದ ಚಿತ್ರದಲ್ಲಿ ತೋಮನ ಬೆರಳು ಗಾಯದ ಒಳಗೇ ಇದೆ, ಮತ್ತು ಅವನ ಕೈ ಹಿಡಿದು ಅಲ್ಲಿಗೆ ತಂದಿರುವುದು ಯೇಸುವಿನ ಕೈ. ಅದನ್ನು ಕಂಡ ಮೇಲೆ ತೋಮನನ್ನು ಸುಮ್ನೆ 'ಸಂಶಯದವನು' ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ.

ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಬರುತ್ತವೆ. ಲೂಕ ಬರೆದ ಶುಭಸಂದೇಶದ ಸರದಿ ಬಂದ ವರ್ಷ, ಆಸ್ತಿಯ ಪಾಲು ಹಾಳು ಮಾಡಿ ಮನೆಗೆ ಮರಳುವ ದುಂದುಗಾರ ಮಗನ ಕಥೆಯನ್ನು ಎರಡು ಸಲ ಕೇಳುತ್ತೇವೆ: ತಪಸ್ಸು ಕಾಲದ (ಈಸ್ಟರ್‌ಗೆ ಮುಂಚಿನ ವಾರಗಳ) ನಾಲ್ಕನೇ ಭಾನುವಾರ, ಮತ್ತೆ ಸಾಧಾರಣ ಕಾಲದ (ದೊಡ್ಡ ಹಬ್ಬಗಳ ಕಾಲ ಬಿಟ್ಟು ಉಳಿದ ವಾರಗಳ) 24ನೇ ಭಾನುವಾರ, ಅಂದರೆ ಸೆಪ್ಟೆಂಬರ್ ಹೊತ್ತಿಗೆ. ಎರಡು ಸಲವೂ ನಾನು ತೆಗೆಯುವುದು ಡಚ್ ಕಲಾವಿದ ರೆಂಬ್ರಾಂಟ್ ತನ್ನ ಕೊನೆಯ ವರ್ಷಗಳಲ್ಲಿ ಬಿಡಿಸಿದ, ಈಗ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್ ಮ್ಯೂಸಿಯಂನಲ್ಲಿರುವ ಚಿತ್ರವನ್ನೇ. ತಪಸ್ಸು ಕಾಲದಲ್ಲಿ ಕಣ್ಣು ತಾನಾಗಿ ಮಂಡಿಯೂರಿದ ಕಿರಿಯವನ ಮೇಲೆ ಹೋಗುತ್ತದೆ, ಅವನ ಬೋಳು ತಲೆ, ಸವೆದ ಚಪ್ಪಲಿ, ಬೆನ್ನ ಮೇಲೆ ತಂದೆಯ ಎರಡೂ ಕೈ. ಪಾಪನಿವೇದನೆಗೆ ಹೋಗುವ ಮುಂಚೆ ನೋಡಲು ಇದಕ್ಕಿಂತ ಒಳ್ಳೆಯ ಚಿತ್ರ ನನಗೆ ಗೊತ್ತಿಲ್ಲ. ಸೆಪ್ಟೆಂಬರ್‌ನಲ್ಲಿ ಕಾಣುವುದು ಬಲಗಡೆ ನೆಟ್ಟಗೆ ನಿಂತ ಹಿರಿಯ ಮಗ. ಅವನ ಕೈಗಳು ಒಂದರ ಮೇಲೊಂದು ಮುಚ್ಚಿಕೊಂಡಿವೆ. ಲೂಕನ ಕಥೆಯಲ್ಲಿ ಆ ಹೊತ್ತಿಗೆ ಅವನು ಹೊಲದಲ್ಲಿದ್ದಾನೆ, ರೆಂಬ್ರಾಂಟ್ ಅವನನ್ನು ತಂದು ಅಪ್ಪುಗೆಯ ಎದುರಿಗೇ ನಿಲ್ಲಿಸಿದ್ದಾನೆ. ವರ್ಷವಿಡೀ ತಪ್ಪದೆ ಪೂಜೆಗೆ ಹೋಗುವ ನನ್ನಂಥವರು ನಿಲ್ಲುವ ಜಾಗ ಅದು.

ಇನ್ನು ಜರ್ಮನ್ ಕಲಾವಿದ ಗ್ರ್ಯೂನ್‌ವಾಲ್ಡ್. ಫ್ರಾನ್ಸಿನ ಕೋಲ್ಮಾರ್‌ನಲ್ಲಿರುವ ಅವನ ಇಸೆನ್‌ಹೈಮ್ ಪೀಠಚಿತ್ರಕ್ಕೆ (1512-16), ಅಂದರೆ ಪೂಜಾಪೀಠದ ಮೇಲೆ ನಿಲ್ಲಿಸುವ ಚಿತ್ರಕ್ಕೆ, ಬಾಗಿಲಿನಂತೆ ತೆರೆಯುವ ಹಲಗೆಗಳಿವೆ. ಮುಚ್ಚಿದಾಗ ಶಿಲುಬೆ, ಹಬ್ಬಗಳಿಗೆ ತೆರೆದಾಗ ಕ್ರಿಸ್ತನ ಜನನ, ಪುನರುತ್ಥಾನ. ಚಿತ್ರವೇ ಪೂಜಾ ವರ್ಷದ ಜೊತೆ ಬದಲಾಗುತ್ತಿತ್ತು! ಅದನ್ನು ಬರೆಸಿದ ಮಠದವರು 'ಸಂತ ಅಂತೋಣಿಯ ಬೆಂಕಿ' ಎಂಬ ಭಯಂಕರ ಕಾಯಿಲೆಯ ರೋಗಿಗಳನ್ನು ನೋಡಿಕೊಳ್ಳುತ್ತಿದ್ದರು, ಹಾಗಾಗಿ ಶಿಲುಬೆಯ ಮೇಲಿನ ಯೇಸುವಿನ ಮೈಯೆಲ್ಲ ಗಾಯ. ಪಕ್ಕದಲ್ಲಿ, ಯೇಸು ಬರುವುದನ್ನು ಮೊದಲೇ ಸಾರಿದ ಸ್ನಾನಿಕ ಯೊವಾನ್ನ ಉದ್ದ ಬೆರಳು ಚಾಚಿ ಯೇಸುವನ್ನು ತೋರಿಸುತ್ತಾನೆ. ಅಷ್ಟೊತ್ತಿಗೆ ಅವನು ಸತ್ತು ಬಹಳ ದಿನವಾಗಿತ್ತು! ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳ) ಎರಡನೇ ಭಾನುವಾರ ಈ ಸ್ನಾನಿಕ ಯೊವಾನ್ನನ ಬಗೆಗಿನ ಶುಭಸಂದೇಶ ಬಂದಾಗ ಈ ಬೆರಳನ್ನಷ್ಟೇ ದೊಡ್ಡದು ಮಾಡಿ ನೋಡುತ್ತೇನೆ, ಪೂರ್ತಿ ಚಿತ್ರವನ್ನು ಶುಭ ಶುಕ್ರವಾರಕ್ಕೆ ಉಳಿಸುತ್ತೇನೆ.

ನೀವು ಶುರು ಮಾಡುವುದಾದರೆ ಆಗಮನ ಕಾಲಕ್ಕೆ ಕಾಯಬೇಡಿ, ಬರುವ ಭಾನುವಾರದ ವಾಚನ ತೆಗೆದುಕೊಳ್ಳಿ. ಚಿತ್ರದ ಬಗ್ಗೆ ತಿಳಿದವರು ಬರೆದದ್ದನ್ನು ಬುಧವಾರದವರೆಗೆ ಓದಬೇಡಿ. ಸಾಧಾರಣ ಕಾಲ ಉದ್ದ, ಎಲ್ಲ ವಾಚನಕ್ಕೂ ಒಳ್ಳೆಯ ಚಿತ್ರ ಸಿಗುವುದಿಲ್ಲ. ಆ ವಾರ ಏನನ್ನೋ ಹುಡುಕಿ ಹೊಂದಿಸದೆ ನಾನು ಬರೀ ಶುಭಸಂದೇಶ ಓದುತ್ತೇನೆ.