ರಂಗನತಿಟ್ಟಿನ ಒಂದು ವರ್ಷವನ್ನು ಪುಸ್ತಕದಲ್ಲಿ ಹಿಡಿಯುವ ಕ್ರಮ

ರಂಗನತಿಟ್ಟಿಗೆ ಯಾವ ತಿಂಗಳಲ್ಲಿ ಹೋಗಬೇಕೆಂದು ಕೇಳುವವರು ಬಹಳ. ಒಂದೇ ಸಲ ಬರುವ ಪ್ರವಾಸಿಗರಿಗೆ ಫೆಬ್ರವರಿ, ಮಾರ್ಚ್ ಎಂದು ಹೇಳಿ ಮುಗಿಸಬಹುದು. ಆದರೆ ಮೈಸೂರು, ಮಂಡ್ಯ, ಶ್ರೀರಂಗಪಟ್ಟಣದ ಆಸುಪಾಸಿನಲ್ಲಿರುವವರಿಗೆ ತಿಂಗಳಿಗೊಮ್ಮೆ ಹೋಗಿ ಬರುವ ಅನುಕೂಲವಿದೆ. ಹನ್ನೆರಡು ಸಲ ಹೋಗಿ, ಪ್ರತಿ ಸಲವೂ ಒಂದೇ ರೀತಿಯಲ್ಲಿ ನೋಡಿ ಬರೆದಿಟ್ಟರೆ ಯಾವ ಹಕ್ಕಿ ಯಾವಾಗ ಬಂತು ಎಂಬುದಕ್ಕಿಂತ ಏಕೆ ಬಂತು ಎಂಬುದು ಅರ್ಥವಾಗತೊಡಗುತ್ತದೆ. ಈ ಟಿಪ್ಪಣಿ ಅಂಥವರಿಗಾಗಿ.

ಮೊದಲು ಬರೆದುಕೊಳ್ಳಬೇಕಾದದ್ದು ಹಕ್ಕಿಯನ್ನಲ್ಲ, ನೀರನ್ನು. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಕಟ್ಟಿದ ಒಡ್ಡಿನಿಂದಾಗಿ ನದಿಯ ನಡುವಿನ ಈ ತಿಟ್ಟುಗಳು, ಅಂದರೆ ಪುಟ್ಟ ದ್ವೀಪಗಳು, ರೂಪುಗೊಂಡವು. ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳಾದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಸುತ್ತ ನೀರಿರುವುದರಿಂದಲೇ ನೆಲದ ಮೇಲಿನ ಬೇಟೆಗಾರ ಪ್ರಾಣಿಗಳು ಗೂಡುಗಳ ಬಳಿ ಸುಲಭವಾಗಿ ಸುಳಿಯಲಾರವು. ಆ ನೀರು ಏರುವುದೂ ಇಳಿಯುವುದೂ ಮೇಲಿನ ಕೃಷ್ಣರಾಜಸಾಗರದಿಂದ ಎಷ್ಟು ಬಿಡುತ್ತಾರೆ ಎಂಬುದನ್ನು ಅವಲಂಬಿಸಿದೆ. ಅಣೆಕಟ್ಟೆಯ ಮಟ್ಟ ಗರಿಷ್ಠವಾದ 124.80 ಅಡಿಗೆ ಮುಟ್ಟಿತೇ ಎಂದು ನಮ್ಮ ಕಡೆಯವರೆಲ್ಲ ಪತ್ರಿಕೆಯಲ್ಲಿ ಹುಡುಕುತ್ತಾರಷ್ಟೆ. ಹಕ್ಕಿ ನೋಡುವವರು ಅದರ ಕೆಳಗಿರುವ ಹೊರಹರಿವಿನ ಅಂಕಿಯನ್ನು ಗುರುತು ಹಾಕಿಕೊಳ್ಳಬೇಕು. ದಿನಾಂಕದ ಪಕ್ಕದಲ್ಲಿ ಆ ದಿನದ ಹೊರಹರಿವನ್ನು ಬರೆಯುವ ಅಭ್ಯಾಸವೊಂದಿದ್ದರೆ ವರ್ಷದ ಕೊನೆಯಲ್ಲಿ ಅರ್ಧ ಪ್ರಶ್ನೆಗಳಿಗೆ ಉತ್ತರ ಆ ಕಾಲಂನಲ್ಲೇ ಇರುತ್ತದೆ.

ಎರಡನೆಯದು ಸ್ಥಳ. ದಡದ ಹಾದಿಯಲ್ಲಿ, ಎದುರಿನ ಒಂದು ತಿಟ್ಟು ಪೂರ್ತಿ ಕಾಣುವ ಜಾಗವನ್ನು ಆರಿಸಿಕೊಂಡು, ಪ್ರತಿ ತಿಂಗಳೂ ಅಲ್ಲಿಯೇ, ಸಾಧ್ಯವಾದರೆ ಅದೇ ಹೊತ್ತಿನಲ್ಲಿ ಅರ್ಧ ಗಂಟೆ ನಿಲ್ಲಿರಿ. ದೋಣಿ ವಿಹಾರ ಆಮೇಲೆ. ದೋಣಿಯಲ್ಲಿ ಹಕ್ಕಿ ಹತ್ತಿರ ಸಿಗುತ್ತದೆ, ನಿಜ. ಆದರೆ ಲೆಕ್ಕ ಸಿಗುವುದಿಲ್ಲ, ಏಕೆಂದರೆ ಪ್ರತಿ ಸಲವೂ ಅದು ಒಂದೇ ದಾರಿಯಲ್ಲಿ ಹೋಗುತ್ತದೆಂಬ ಖಾತರಿಯಿಲ್ಲ. ಗೂಡುಗಳನ್ನು ಎಣಿಸುವಾಗ ಮೊದಲು ಹತ್ತು ಗೂಡುಗಳು ಎಷ್ಟು ಜಾಗ ಹಿಡಿದಿವೆ ಎಂದು ಕಣ್ಣಳತೆ ಮಾಡಿಕೊಂಡು, ಅದೇ ಅಳತೆಯಿಂದ ಮರವನ್ನು ಭಾಗ ಮಾಡುತ್ತಾ ಹೋಗುವುದು ಒಳ್ಳೆಯದು. ಎಂಟು ಪಟ್ಟು ಹಿಗ್ಗಿಸಿ ತೋರಿಸುವ 8x42 ಬೈನಾಕ್ಯುಲರ್ ಇದಕ್ಕೆ ಧಾರಾಳ ಸಾಕು.

ಮೂರನೆಯದು, ಹೆಸರಿಗಿಂತ ಮೊದಲು ಕಂಡದ್ದನ್ನು ಬರೆಯುವುದು. ಈ ಪಾಠವನ್ನು ನಾನು ನಾಚಿಕೆಪಟ್ಟು ಕಲಿತವನು. ಬಾಯ್ಕಳಕವೆಂಬ ಕೊಕ್ಕರೆಯ ಕೊಕ್ಕಿನ ನಡುವೆ ಸಂದಿಯಿರುತ್ತದೆಂದು ಓದಿಕೊಂಡು ಹೋಗಿದ್ದ ನಾನು, ಸಂದಿಯಿಲ್ಲದ ಕೊಕ್ಕಿನ ಮಂಕು ಬಣ್ಣದ ಕೊಕ್ಕರೆಯೊಂದನ್ನು ಕಂಡು ಅಪರೂಪದ ಅತಿಥಿಯೆಂದು ಎರಡು ಸಲ ಅಡಿಗೆರೆ ಎಳೆದಿದ್ದೆ. ಅದು ಬಾಯ್ಕಳಕದ್ದೇ ಮರಿ. ಆ ಸಂದಿ ಮೂಡುವುದು ಹಕ್ಕಿ ಬೆಳೆದಂತೆಲ್ಲ. ಅಂದು ಕೊಕ್ಕು, ಕಾಲು, ಬೆನ್ನಿನ ಬಣ್ಣವನ್ನಷ್ಟೇ ಬರೆದಿದ್ದರೆ ಮರಿಗಳು ಗೂಡು ಬಿಟ್ಟ ತಿಂಗಳು ಯಾವುದೆಂಬ ಒಳ್ಳೆಯ ದಾಖಲೆ ಉಳಿಯುತ್ತಿತ್ತು.

ಇನ್ನು ಕಾಲಗಳು. ಡಿಸೆಂಬರ್, ಜನವರಿಯಲ್ಲಿ ವಲಸೆ ಬಂದ ಚಿಕ್ಕ ಹಕ್ಕಿಗಳನ್ನು ಮರೆಯಬಾರದು. ಎಲ್ಲರ ಕಣ್ಣೂ ಮರದ ತುದಿಯಲ್ಲಿರುವಾಗ ಬಂಡೆಯಂಚಿನಲ್ಲಿ ಹಿಂಭಾಗ ಕುಣಿಸುತ್ತಾ ಓಡುವ ಗದ್ದೆಗೊರವ, ಬೂದು ಸಿಪಿಲೆಗಳು ಹಾಗೆಯೇ ತಪ್ಪಿಹೋಗುತ್ತವೆ. ಪಟ್ಟೆತಲೆ ಹೆಬ್ಬಾತುಗಳನ್ನು ನೋಡುವ ಆಸೆಯಿದ್ದವರು ಇದೇ ದಿನಗಳಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗುವುದು ಮೇಲು.

ಬೇಸಿಗೆಯೇ ಇಲ್ಲಿನ ಸುಗ್ಗಿ, ಪುಸ್ತಕ ತುಂಬುವುದೂ ಆಗಲೇ. ಬಣ್ಣದ ಕೊಕ್ಕರೆ, ಚಮಚಕೊಕ್ಕು, ಹೆಜ್ಜಾರ್ಲೆಗಳ (ಪೆಲಿಕನ್) ಸಂಸಾರ ಮರಗಳ ಮೇಲಾದರೆ, ನದಿ ರೀವ (ಟರ್ನ್) ಎಂಬ ಹಕ್ಕಿಯದ್ದು ಬರೀ ಬಂಡೆಯ ಮೇಲೆ. ರೀವವನ್ನು ಜನವರಿಯಿಂದಲೇ ಗಮನಿಸಿ: ಸಂತಾನದ ಕಾಲವಲ್ಲದಾಗ ಅದರ ಹಳದಿ ಕೊಕ್ಕಿನ ತುದಿ ಕಪ್ಪಗಿರುತ್ತದೆ, ನೆತ್ತಿ ಬೂದು ಬೂದಾಗಿರುತ್ತದೆ, ಕಾಲ ಕೂಡಿಬಂದಂತೆ ಕೊಕ್ಕು ಇಡಿಯಾಗಿ ಹಳದಿಯಾಗಿ, ನೆತ್ತಿ ಅಚ್ಚಗಪ್ಪಾಗುತ್ತದೆ. ಗಂಡು ಮೀನು ತಂದು ಹೆಣ್ಣಿಗೆ ಕೊಡುವುದನ್ನು ಮೊದಲು ಕಂಡ ದಿನವನ್ನು ತಪ್ಪದೆ ಬರೆಯಿರಿ. ಏಪ್ರಿಲ್‌ನ ಮಟಮಟ ಮಧ್ಯಾಹ್ನ ದಡದಲ್ಲಿ ನಿಲ್ಲುವ ತಾಳ್ಮೆಯಿದ್ದರೆ ಬಣ್ಣದ ಕೊಕ್ಕರೆ ಸೂರ್ಯನಿಗೆ ಬೆನ್ನು ಮಾಡಿ, ರೆಕ್ಕೆಗಳನ್ನು ಅರೆಬಿಚ್ಚಿ, ಗೂಡಿನಲ್ಲಿರುವ ಮರಿಗಳಿಗೆ ಚಪ್ಪರ ಹಾಕಿದಂತೆ ನಿಂತಿರುವುದು ಕಾಣುತ್ತದೆ. ಜೊತೆಗಾತಿ ಹೊಟ್ಟೆಯಲ್ಲಿ ತಂದ ಮೀನನ್ನು ಗೂಡಿನ ತಳದಲ್ಲಿ ಕಕ್ಕಿದೊಡನೆ ಮರಿಗಳು ಮುಗಿಬೀಳುತ್ತವೆ. ಆ ನೆರಳಿನಲ್ಲಿ ಎಷ್ಟು ತಲೆಗಳಿವೆ ಎಂದು ಎಣಿಸಿ. ಮುಂದಿನ ತಿಂಗಳು ಅದೇ ಗೂಡಿನಲ್ಲಿ ಎಷ್ಟು ಉಳಿದಿವೆ ಎಂದು ಹೋಲಿಸಿ. ಇದೇ ಹಂಗಾಮಿನಲ್ಲಿ ಒಂದು ಬೆಳಗ್ಗೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೂ ಹೋಗಿ ಬಂದರೆ, ಊರೊಳಗಿನ ಹುಣಿಸೆಮರಗಳಲ್ಲಿ ಮನೆಯವರ ಮಾತಿನ ಸದ್ದಿಗೆ ಅಂಜದೆ ಗೂಡು ಕಟ್ಟುವ ಹೆಜ್ಜಾರ್ಲೆಗಳನ್ನೂ ನೋಡಿದಂತಾಗುತ್ತದೆ.

ಮೊಸಳೆಯನ್ನು ಎಣಿಸಲು ಚಳಿಗಾಲದ ಬೆಳಗಿನ ಬಿಸಿಲೇ ಸರಿ, ಆಗ ಅವು ಬಂಡೆಯೇರಿ ಮೈ ಕಾಯಿಸುತ್ತವೆ. ಬಾಯಿ ತೆರೆದುಕೊಂಡು ಮಲಗಿದ್ದರೆ ಅದು ಸಿಟ್ಟಲ್ಲ, ಮೈಯ ಬಿಸಿಯನ್ನು ಹದ ಮಾಡಿಕೊಳ್ಳುವ ಉಪಾಯ. ನೀರುನಾಯಿ ಕಾಣುವುದು ಅದೃಷ್ಟ. ಬಂಡೆಯ ಮೇಲೆ ಮೀನಿನ ಪೊರೆ ಮಿಂಚುವ ಹಿಕ್ಕೆ ಕಂಡರೂ ಅದನ್ನು ದಾಖಲೆಯೆಂದೇ ಬರೆಯಬಹುದು.

ಜುಲೈ, ಆಗಸ್ಟ್‌ನಲ್ಲಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ, ತಗ್ಗಿನ ತಿಟ್ಟುಗಳು ಮುಳುಗುತ್ತವೆ. ಬಹುಪಾಲು ಜನ ಪುಸ್ತಕ ಮುಚ್ಚುವುದು ಇಲ್ಲಿಯೇ. ಹಾಗೆ ಮಾಡದೆ, ನಿಮ್ಮ ಗೊತ್ತಿನ ಜಾಗದಿಂದ ಯಾವ ಬಂಡೆ ಮುಳುಗಿತು, ಯಾವ ಕೊಂಬೆಯವರೆಗೆ ನೀರು ಬಂತು, ಎಷ್ಟು ಗೂಡುಗಳು ಉಳಿದವು ಎಂಬುದನ್ನು ಬರೆಯಿರಿ. ಹಕ್ಕಿಯೇ ಕಾಣದಿದ್ದರೆ ಸೊನ್ನೆಯೆಂದು ಬರೆಯಿರಿ, ಜಾಗ ಖಾಲಿ ಬಿಡಬೇಡಿ. ಹಕ್ಕಿ ದಾಖಲೆಗಳ ಜಾಲತಾಣವಾದ ಇ-ಬರ್ಡ್‌ಗೆ ಪಟ್ಟಿ ಸೇರಿಸುವವರು ನಿಂತ ಹೊತ್ತನ್ನೂ ನಮೂದಿಸಿ, ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದರೆ ಮಾತ್ರ ಪಟ್ಟಿ ಪೂರ್ಣವೆಂದು ಒಪ್ಪಿಕೊಳ್ಳಬೇಕು. ನೀರು ಇಳಿದ ಮೇಲೆ ಮೊದಲು ತಲೆಯೆತ್ತಿದ ಬಂಡೆಯ ಮೇಲೆ ಯಾವ ಹಕ್ಕಿ ಬಂದು ಕೂತಿತು ಎಂಬುದಕ್ಕೆ ಈಗಲೇ ಒಂದು ಸಾಲು ಮೀಸಲಿಡಿ.